ಅಪ್‌ಡೇಟ್: ಕಾಂಬೋಡಿಯಾ ಶೈಲಿಯ ಸೀಗಡಿ ನೂಡಲ್ಸ್ ಮಾಡಿದೆ

ಕಾಂಬೋಡಿಯಾದ ಕ್ರೋಯಿಂಗ್ ಅನ್ನೋ ಕುಟ್ಟಿದ ಹಸಿ ಮಸಾಲೆ ಹಾಕಿ ಸೀಗಡಿ ನೂಡಲ್ಸ್ ಬೇಗ ಮಾಡೋದು ಹೇಗೆ, ಸೀಗಡಿ ಗಟ್ಟಿಯಾಗದ ಹಾಗೆ ಏನು ಮಾಡಬೇಕು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಮಾಡಿದೆ, ತುಂಬಾ ಚೆನ್ನಾಗಿ ಬಂತು.

ರುಚಿಯೆಲ್ಲ ಆ ಮಸಾಲೆಯಲ್ಲೇ ಇದೆ. ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಬುಡದ ಬಿಳಿ ಭಾಗ ಮಾತ್ರ ತಗೊಂಡು ತೆಳ್ಳಗೆ ಹೆಚ್ಚಿದೆ. ಬೆಳ್ಳುಳ್ಳಿ, ಸಾಂಬಾರ್ ಈರುಳ್ಳಿ, ಹಸಿ ಅರಿಶಿನದ ಜೊತೆ ನುಣ್ಣಗೆ ಕುಟ್ಟಿದೆ. ನಾರು ಉಳಿದರೆ ಬಾಯಿಗೆ ಸಿಗುತ್ತೆ, ಅದಕ್ಕೇ ಅವಸರ ಮಾಡಬೇಡಿ. ಇದಕ್ಕೆ ಹಾಕೋ ಗ್ಯಾಲಂಗಲ್ (ಶುಂಠಿ ಜಾತಿಯ ಗೆಡ್ಡೆ) ಸಿಗಲಿಲ್ಲ, ಬದಲಿಗೆ ಶುಂಠಿ ಹಾಕಿದೆ. ಪರಿಮಳ ಬೇರೆ, ಆದರೂ ನಡೆಯುತ್ತೆ.

ಸೀಗಡಿಯ ನೀರು ಒರೆಸಿ, ಚೆನ್ನಾಗಿ ಕಾದ ಬಾಣಲೆಗೆ ಹಾಕಿ, ಕೆಂಪಗಾಗಿ ಬಾಗಿದ ತಕ್ಷಣ ತೆಗೆದಿಟ್ಟೆ. ಇದೇ ಕಾರಣಕ್ಕೆ ಮೆತ್ತಗೆ ಉಳಿಯಿತು. ಅದೇ ಎಣ್ಣೆಯಲ್ಲಿ ಮಸಾಲೆಯನ್ನು ಹಸಿ ವಾಸನೆ ಹೋಗುವ ತನಕ ಹುರಿದೆ. ಆಮೇಲೆ ನೆನೆಸಿದ ಅಕ್ಕಿ ನೂಡಲ್ಸ್, ಫಿಶ್ ಸಾಸ್, ಚೂರು ತಾಳೆಬೆಲ್ಲ. ಕೊನೆಗೆ ಸೀಗಡಿ, ಹೆಸರುಕಾಳಿನ ಮೊಳಕೆ. ಫಿಶ್ ಸಾಸಲ್ಲೇ ಉಪ್ಪು ಜಾಸ್ತಿ, ಬೇರೆ ಹಾಕಲಿಲ್ಲ.

ನಂಚಿಕೊಳ್ಳಲು ಕರಿಮೆಣಸು, ಉಪ್ಪು, ನಿಂಬೆರಸ ಕಲಸಿ ಅಂತ ಒಬ್ಬರು ಹೇಳಿದ್ದರು. ಕಾಂಬೋಡಿಯಾದಲ್ಲಿ ಕಾಂಪೋಟ್ ಪ್ರಾಂತ್ಯದ ಮೆಣಸು ಹೆಸರುವಾಸಿ. ನಾನು ನಮ್ಮ ಚಿಕ್ಕಮಗಳೂರಿನ ಮೆಣಸನ್ನೇ ಆಗಷ್ಟೇ ಕುಟ್ಟಿ ಹಾಕಿದೆ. ಸೀಗಡಿಗೆ ಎಷ್ಟು ಒಪ್ಪುತ್ತೆ ಗೊತ್ತಾ! ಇದನ್ನಂತೂ ಬಿಡಬೇಡಿ.