ಮುತ್ತಜ್ಜ ತೀರಿಕೊಂಡ ವರ್ಷ: ಹೆಳವರ ಮಾತನ್ನು ನಂಬಬಹುದೇ?

ಹೊಲದ ಮನೆ: ಧಾರವಾಡ ಸೀಮೆಯ ನಮ್ಮ ಹೊಲದಲ್ಲಿ ಮುತ್ತಜ್ಜನ ಸಮಾಧಿಯಿದೆ. ಕಲ್ಲಿಗೆ ಬಳಿದ ಸುಣ್ಣವನ್ನು ಕೆರೆದಾಗ ‘ಕಾಳಯುಕ್ತಿ ಸಂ. ಆಶ್ವೀಜ’ ಎಂಬಷ್ಟೇ ಅಕ್ಷರಗಳು ಕಂಡವು. ಶಕವರ್ಷವಿದ್ದ ಕಡೆ ಚಕ್ಕೆ ಎದ್ದುಹೋಗಿದೆ. ಮನೆತನಗಳ ವಂಶಾವಳಿ ಒಪ್ಪಿಸುತ್ತ ಸುಗ್ಗಿಗೆ ಬರುವ ಹೆಳವರು ನನ್ನಿಂದ ಹಿಂದಕ್ಕೆ ನಾಲ್ಕನೆಯ ತಲೆ ಅವರದೆಂದು ಒಪ್ಪಿಸುತ್ತಾರಾದರೂ ಇಸವಿ ಹೇಳುವುದಿಲ್ಲ.

ಇತಿಹಾಸದ ವಿದ್ಯಾರ್ಥಿನಿ: ಸಂವತ್ಸರವು 60 ವರ್ಷಕ್ಕೊಮ್ಮೆ ಮರಳುವುದರಿಂದ ಕಾಳಯುಕ್ತಿ ಬಂದದ್ದು 1858, 1918 ಮತ್ತು 1978ರಲ್ಲಿ. ನಾಲ್ಕು ತಲೆಮಾರಿನ ಲೆಕ್ಕ ಹಿಡಿದರೆ 1918 ಉಳಿಯುತ್ತದೆ. ಆ ವರ್ಷದ ಆಶ್ವೀಜ ಬಿದ್ದದ್ದು ಅಕ್ಟೋಬರ್‌ನಲ್ಲಿ, ಆಗ ಧಾರವಾಡವೂ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಇನ್‌ಫ್ಲುಯೆಂಜಾ ಅತ್ಯಂತ ಉಗ್ರವಾಗಿದ್ದ ದಿನಗಳಲ್ಲಿ.

ಸಾಕ್ಷ್ಯ ಬೇಕು: ಇದು ಜಾಣ ಊಹೆ, ಅಷ್ಟೇ. ಹೆಳವರು ಕಾಳು ಕೊಟ್ಟ ಮನೆಯವರನ್ನು ಹೊಗಳುವವರು. ಅವರ ಬಾಯಲ್ಲಿ ಒಂದು ತಲೆ ಹೆಚ್ಚೋ ಕಡಿಮೆಯೋ ಆದರೆ ನಿಮ್ಮ ಲೆಕ್ಕವೆಲ್ಲ 60 ವರ್ಷ ತಪ್ಪಬಹುದು. ಊರ ಪಾಟೀಲರು ಇಡುತ್ತಿದ್ದ ಮರಣದ ದಾಖಲೆಯಲ್ಲಿ ಹೆಸರು ಸಿಗುವವರೆಗೆ ಒಪ್ಪಲಾಗದು.

ನಿವೃತ್ತ ತಲಾಟಿ: ದಾಖಲೆಯನ್ನು ಹುಡುಕಲೇಬೇಕು, ಆದರೆ ಅದರ ಮೇಲೆ ಅಷ್ಟು ಭಾರ ಹೊರಿಸಬೇಡಿ. ಆ ಕಾಲದ ದಾಖಲೆಯಲ್ಲಿ ಕಾಲರಾ, ಸಿಡುಬು, ಪ್ಲೇಗಿಗೆ ಅಂಕಣಗಳಿದ್ದವೇ ಹೊರತು ಇನ್‌ಫ್ಲುಯೆಂಜಾಕ್ಕೆ ಇರಲಿಲ್ಲವಾದ್ದರಿಂದ ಅದರಿಂದ ಸತ್ತವರೆಲ್ಲ ಬಹುಮಟ್ಟಿಗೆ ‘ಜ್ವರ’ದ ಲೆಕ್ಕಕ್ಕೆ ಸೇರಿದರು. ನಾನು ಕೈಯಾರೆ ತಿರುವಿದ ಒಂದು ಪುಸ್ತಕದಲ್ಲಿ ಮೊದಲ ಸಾಲಿಗೆ ‘ಜ್ವರ’ ಎಂದು ಬರೆದು, ಪುಟದ ಕೊನೆಯವರೆಗೂ ‘ಸದರ, ಸದರ’ (ಮೇಲಿನಂತೆಯೇ) ಎಂದೇ ಇಳಿಸಿದ್ದರು. ನಡುವೆ ಕೈಬರಹ ಬದಲಾಗಿತ್ತು. ಬರೆಯುವವರೇ ಮಲಗಿದ ಊರುಗಳಲ್ಲಿ ಎಷ್ಟೋ ಸಾವುಗಳು ದಾಖಲಾಗಲೇ ಇಲ್ಲ. ಇನ್ನೊಂದು ಮಾತು: ಬರಹ ಮರಾಠಿಯ ಹಳೆಯ ಕೂಡಕ್ಷರವಾದ ಮೋಡಿ ಲಿಪಿಯಲ್ಲಿರಬಹುದು, ಓದಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ.

ಸಾಕ್ಷ್ಯ ಬೇಕು: ದಾಖಲೆಯಲ್ಲಿ ಹೆಸರಿಲ್ಲದಿದ್ದರೆ ಸಾವೇ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ವಂಶವೃಕ್ಷದಲ್ಲಿ 1918 ಎಂದು ಬರೆಯುವಾಗ ಅದು ಕಲ್ಲಿನಿಂದಲೂ ಹೆಳವರ ಮಾತಿನಿಂದಲೂ ಕೂಡಿಸಿ ಪಡೆದ ವರ್ಷವೆಂದು ಪಕ್ಕದಲ್ಲೇ ಕಾಣಿಸಿ.

ಹೊಲದ ಮನೆ: ಹಾಗೆಯೇ ಬರೆಯುತ್ತೇನೆ. ತಲಾಟಿ ಸಾಹೇಬರ ಮಾತಿನಿಂದ ಇನ್ನೊಂದು ವಿಷಯ ಮನಸ್ಸಿಗೆ ಬಂತು. ಮುತ್ತಜ್ಜನ ಸಮಾಧಿಯ ಎಡಕ್ಕೆ ಕಲ್ಲಿಲ್ಲದ ಒಂದು ಮಣ್ಣಿನ ದಿಬ್ಬವಿದೆ, ಅದು ಮುತ್ತಜ್ಜಿಯದೆಂದು ಮನೆಯವರು ಹೇಳುತ್ತಾರೆ. ನಮ್ಮ ಹೆಳವರು ಗಂಡುಮಕ್ಕಳ ಹೆಸರನ್ನಷ್ಟೇ ಒಪ್ಪಿಸುವುದರಿಂದ ಆಕೆಯ ಹೆಸರು ಈಗ ಯಾರಿಗೂ ತಿಳಿದಿಲ್ಲ. ಅದೇ ತಿಂಗಳಲ್ಲಿ ನಮ್ಮ ಮನೆಯ ಹೆಸರಿನ ಮುಂದೆ ಇನ್ನೊಂದು ‘ಸದರ’ ಇದೆಯೇ ಎಂದು ಮೊದಲು ನೋಡುತ್ತೇನೆ.