ಪಕ್ಕದ ಸೈಟಿನಲ್ಲಿ ಬಂಡೆ ಒಡೆಯುತ್ತಿದ್ದಾರೆ, ಮೀನಿನ ತೊಟ್ಟಿಯನ್ನು ಏನು ಮಾಡಲಿ?

ಪ್ರಶ್ನೆ (ಕ್ಯಾತಸಂದ್ರ, ತುಮಕೂರು)
ನಮ್ಮ ಗೋಡೆಗೆ ಅಂಟಿದ ಸೈಟಿನಲ್ಲಿ ಪಾಯ ತೆಗೆಯುತ್ತಿದ್ದಾರೆ. ಅಗೆದಲ್ಲೆಲ್ಲ ಬಂಡೆ. ಬ್ರೇಕರ್ ಶುರುವಾದೊಡನೆ 100 ಲೀಟರಿನ ತೊಟ್ಟಿಯ ನೀರು ನಡುಗುತ್ತದೆ. ಗೋಲ್ಡ್‌ಫಿಶ್‌ಗಳು ಮೂಲೆ ಸೇರಿ ಆಹಾರವನ್ನೂ ಮುಟ್ಟುವುದಿಲ್ಲ. ನೀರಿನ ಮೇಲೆ ಸಿಮೆಂಟ್ ದೂಳಿನ ಪೊರೆ. ಮಗಳಿಗಂತೂ ಅವುಗಳದ್ದೇ ಚಿಂತೆ. ತೊಟ್ಟಿಯನ್ನು ಹಾಗೆಯೇ ಹಿಂದಿನ ಕೋಣೆಗೆ ಎಳೆಯಬಹುದೇ?

ಉತ್ತರ (ಶಿರಾ ಗೇಟ್)
ಅಕ್ಕಾ, ನೀರಿದ್ದಂತೆ ಖಂಡಿತ ಎಳೆಯಬೇಡಿ! ನೀರಿನ ತೂಕವೇ 100 ಕಿಲೋ. ಗಾಜು ತುಸು ತಿರುಚಿದರೂ ಸಿಲಿಕಾನ್ ಅಂಟು ಬಿಡುತ್ತದೆ. ಹಳೆಯ ನೀರನ್ನು ಬಕೆಟ್‌ಗಳಿಗೆ ತುಂಬಿ, ಮೀನುಗಳನ್ನು ಅದರಲ್ಲೇ ಬಿಟ್ಟು, ಬರಿದಾದ ತೊಟ್ಟಿಯನ್ನು ಸಾಗಿಸಿ. ಫಿಲ್ಟರಿನ ಸ್ಪಂಜನ್ನು ಒಣಗಲು ಬಿಡಬೇಡಿ, ನಲ್ಲಿ ನೀರಿನಲ್ಲಿ ತೊಳೆಯಲೂ ಬೇಡಿ. ಮೀನಿನ ತ್ಯಾಜ್ಯದಿಂದ ಬರುವ ವಿಷಕಾರಿ ಅಮೋನಿಯಾವನ್ನು ಮಾರ್ಪಡಿಸುವ ಬ್ಯಾಕ್ಟೀರಿಯಾಗಳ ಮನೆ ಅದು. ತೊಟ್ಟಿಯ ಅಡಿಗೆ ಥರ್ಮಾಕೋಲ್ ಹಾಳೆ ಹಾಸಿ, ಗೋಡೆಗೆ ತಾಗದಂತೆ ಇಡಿ. ಮೀನು ಮೈಪಕ್ಕದ ಗೆರೆಯಿಂದಲೇ ಕಂಪನವನ್ನು ಗ್ರಹಿಸುತ್ತದೆ. ನಮಗಿಂತ ಅದಕ್ಕೇ ಹೆಚ್ಚು ಹಿಂಸೆ.

ಉತ್ತರ (ತಿಪಟೂರು)
ನನಗೆ ದೂಳೇ ಹೆಚ್ಚು ಭಯ. ಸಿಮೆಂಟ್ ಕ್ಷಾರೀಯ, ನೀರಿನ ಪಿಎಚ್ ಏರಿದರೆ ಅಮೋನಿಯಾ ಇನ್ನಷ್ಟು ವಿಷವಾಗುತ್ತದೆ. ಗಾಳಿಯಾಡುವ ತೆಳು ಬಟ್ಟೆ ಮುಚ್ಚಿ. ಏರ್ ಪಂಪ್ ಕೋಣೆಯ ಗಾಳಿಯನ್ನೇ ನೀರಿಗೆ ನುಗ್ಗಿಸುತ್ತದೆ, ಆದ್ದರಿಂದ ಅದನ್ನು ಕಿಟಕಿಯಿಂದ ದೂರವಿಡಿ. ಮುಂದೆ ಬಣ್ಣ ಬಳಿಯುವಾಗ ಥಿನ್ನರ್ ವಾಸನೆಗೂ ಇದೇ ಎಚ್ಚರಿಕೆ ಬೇಕು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದ. ಭಾನುವಾರ ಬ್ರೇಕರ್ ಇರುವುದಿಲ್ಲವೆಂದು ಮೇಸ್ತ್ರಿ ಹೇಳಿದ್ದಾರೆ, ಅಂದೇ ಸಾಗಿಸುತ್ತೇನೆ. ದೂಳೇಳದಂತೆ ನೀರು ಚಿಮುಕಿಸಲೂ ಅವರು ಒಪ್ಪಿದ್ದಾರೆ.