ಪೆನ್‌ಡ್ರೈವ್‌ನ ಎಲ್ಲಾ ಫೈಲ್‌ಗಳೂ ಮುಂಜಾನೆ 5:30ಕ್ಕೇ ತೆರೆದದ್ದು ಅಂತ ತೋರಿಸುತ್ತಿದೆ

ನವನಗರದ_ನಾಲ್ವರು
ಎಲ್ಲರಿಗೂ ನಮಸ್ಕಾರ. ನಾವು ಬಾಗಲಕೋಟೆಯಲ್ಲಿ ಕೊನೇ ವರ್ಷದ ಇಂಜಿನಿಯರಿಂಗ್ ಓದುತ್ತಿರುವ ನಾಲ್ಕು ಜನ. ಪ್ರಾಜೆಕ್ಟ್‌ಗೆ ಒಂದು ಫೊರೆನ್ಸಿಕ್ (ತನಿಖೆಗೆ ಡಿಜಿಟಲ್ ಸಾಕ್ಷಿ ಹುಡುಕುವ) ಟೂಲ್ ಬರೆಯುತ್ತಿದ್ದೇವೆ. ಡಿಸ್ಕ್ ಇಮೇಜ್ (ಡಿಸ್ಕ್‌ನ ಬೈಟ್‌ಗೆ ಬೈಟ್ ನಕಲು) ಕೊಟ್ಟರೆ ಯಾವ ಫೈಲ್ ಯಾವಾಗ ಹುಟ್ಟಿತು, ಯಾವಾಗ ಬದಲಾಯಿತು, ಕೊನೆಗೆ ಯಾವಾಗ ತೆರೆದರು ಅನ್ನೋದನ್ನು ಹೊತ್ತಿನ ಪ್ರಕಾರ ಜೋಡಿಸಿ ಕೊಡಬೇಕು. ಪೈಥಾನ್‌ನಲ್ಲಿ ಬರೆದಿದ್ದೇವೆ. ರೆಡಿಮೇಡ್ ಲೈಬ್ರರಿ ಬೇಡ ಅಂತ ಹಟ ಹಿಡಿದು ಬೈಟ್‌ಗಳನ್ನು ನಾವೇ ಓದುತ್ತಿದ್ದೇವೆ.

ಲ್ಯಾಪ್‌ಟಾಪ್‌ನ ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ಪದ್ಧತಿ) ಇಮೇಜ್ ಕೊಟ್ಟರೆ ಎಲ್ಲ ಸರಿ. 8 ಜಿಬಿ ಫ್ಯಾಟ್32 (ಅಂಥದ್ದೇ ಇನ್ನೊಂದು, ಹಳೇ ಪದ್ಧತಿ) ಪೆನ್‌ಡ್ರೈವ್ ಕೊಟ್ಟರೆ ತಲೆ ಕೆಡುತ್ತದೆ. ಗಡಿಯಾರ ನೋಡಿಕೊಂಡು ಬೆಳಿಗ್ಗೆ 11 ಗಂಟೆಗೆ ಸೇವ್ ಮಾಡಿದ ಫೈಲ್ ಸಂಜೆ 4:30 ಅಂತ ಬರುತ್ತದೆ. 'ಕೊನೆಗೆ ತೆರೆದದ್ದು' ಕಾಲಂ ಇನ್ನೂ ವಿಚಿತ್ರ. 212 ಫೈಲ್‌ಗಳಿಗೂ ಮುಂಜಾನೆ 5:30! ನಮ್ಮ ರೂಮಿನಲ್ಲಿ ಆ ಹೊತ್ತಿಗೆ ಎದ್ದವರನ್ನು ನಾನಂತೂ ನೋಡಿಲ್ಲ. ಶನಿವಾರ ರಿವ್ಯೂ ಇದೆ. ಯಾರಾದರೂ ದಾರಿ ತೋರಿಸಿ.

ಕುಂದಾ_ಬೈಟ್, ಬೆಳಗಾವಿ
ಮೊದಲು ಇಮೇಜ್‌ನ ಹ್ಯಾಶ್ (ಒಂದು ಬಿಟ್ ಬದಲಾದರೂ ಬದಲಾಗುವ ಗುರುತಿನ ಸಂಖ್ಯೆ) ಪೆನ್‌ಡ್ರೈವ್ ಜೊತೆ ಹೊಂದುತ್ತಾ ನೋಡಿ.

ನವನಗರದ_ನಾಲ್ವರು
ಹೊಂದುತ್ತಿಲ್ಲ ಸರ್. ಇಮೇಜ್ ತೆಗೆದ ಮೇಲೆ ಅದೇ ಪೆನ್‌ಡ್ರೈವನ್ನು ನಮ್ಮವನೊಬ್ಬ ವಿಂಡೋಸ್‌ಗೆ ಚುಚ್ಚಿದ್ದ.

ಕುಂದಾ_ಬೈಟ್, ಬೆಳಗಾವಿ
ಹಾಗಾದರೆ ಹೊಂದಲ್ಲ ಬಿಡಿ. ಚುಚ್ಚಿದ ಕೂಡಲೇ ವಿಂಡೋಸ್ ಅದರೊಳಗೆ ತನ್ನದೊಂದು ಫೋಲ್ಡರ್ ಇಟ್ಟು ಹೋಗುತ್ತದೆ. ಇನ್ನು ಮೇಲೆ ರೈಟ್ ಬ್ಲಾಕರ್ (ಓದಲು ಬಿಟ್ಟು, ಬರೆಯುವುದನ್ನು ತಡೆಯುವ ಸಾಧನ) ಇಲ್ಲದೆ ಮುಟ್ಟಬೇಡಿ. ನಿಮ್ಮ 5:30ಕ್ಕೂ ಇದಕ್ಕೂ ಸಂಬಂಧ ಇಲ್ಲ ಅನ್ನಿಸುತ್ತೆ.

ಖಡಕ್‌ರೊಟ್ಟಿ, ವಿಜಯಪುರ
ತಮ್ಮಾ, ಅದು ಐದೂವರೆ ಅಲ್ಲ, ಮಧ್ಯರಾತ್ರಿ.

ಎನ್‌ಟಿಎಫ್‌ಎಸ್ ಸಮಯವನ್ನು ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ) ಇಡುತ್ತದೆ. 1601ರ ಜನವರಿ 1ರಿಂದ ಎಣಿಕೆ. ಅದಕ್ಕೆ 5:30 ಕೂಡಿಸಿದರೆ ನಮ್ಮ ಸಮಯ ಬರುತ್ತದೆ, ಅಲ್ವಾ? ಫ್ಯಾಟ್ ಹಾಗಲ್ಲ. ಫೈಲ್ ಬರೆಯುವಾಗ ಕಂಪ್ಯೂಟರ್ ಗಡಿಯಾರದಲ್ಲಿ ಎಷ್ಟಿತ್ತೋ ಅಷ್ಟೇ ಬರೆದಿಡುತ್ತದೆ. ನೀವು ಅದಕ್ಕೂ 5:30 ಕೂಡಿಸಿದ್ದೀರಿ. 11 ಹೋಗಿ 4:30 ಆಯ್ತು.

ಹೆಕ್ಸ್ ಎಡಿಟರ್‌ನಲ್ಲಿ (ಬೈಟ್‌ಗಳನ್ನು ಹಾಗೇ ತೋರಿಸುವ ಪ್ರೋಗ್ರಾಂ) ಆ ಫೈಲ್‌ನ ಡೈರೆಕ್ಟರಿ ಎಂಟ್ರಿ, ಅಂದರೆ ಅದರ ಹೆಸರು, ಸಮಯ ಇರುವ ದಾಖಲೆ, ತೆರೆಯಿರಿ. ಅದು 32 ಬೈಟ್ ಉದ್ದ. ಸೊನ್ನೆಯಿಂದ ಎಣಿಸಿದರೆ 22 ಮತ್ತು 23ನೇ ಬೈಟ್ ಬದಲಾದ ಸಮಯ. ಸರಿಯಾಗಿ 11:00:00 ಆಗಿದ್ದರೆ ಅಲ್ಲಿ 00 58 ಕಾಣಬೇಕು. ಹಿಂದುಮುಂದು ಮಾಡಿದರೆ 5800. ಮೇಲಿನ 5 ಬಿಟ್ ಗಂಟೆ, ನಡುವಿನ 6 ನಿಮಿಷ, ಕೆಳಗಿನ 5 ಸೆಕೆಂಡ್. 5 ಬಿಟ್‌ನಲ್ಲಿ 31ರ ತನಕ ಮಾತ್ರ ಹಿಡಿಸುತ್ತದೆ. ಅದಕ್ಕೇ ಎರಡೆರಡು ಸೆಕೆಂಡ್‌ನ ಜೋಡಿ ಲೆಕ್ಕ. ಇಲ್ಲಿ ಬೆಸ ಸೆಕೆಂಡ್ ಬರೋದೇ ಇಲ್ಲ, ಅದನ್ನು ಬಗ್ ಅಂತ ಹುಡುಕುತ್ತಾ ಕೂರಬೇಡಿ. ನಾನು ಒಂದು ರಾತ್ರಿ ಕೂತಿದ್ದೆ.

ಇನ್ನು ಕೊನೆಗೆ ತೆರೆದದ್ದು. ಫ್ಯಾಟ್‌ನಲ್ಲಿ ಅದಕ್ಕೆ ಬರೀ ತಾರೀಖು ಇದೆ, ಗಂಟೆಗೆ ಜಾಗವೇ ಇಲ್ಲ. ನಿಮ್ಮ ಕೋಡ್ ಖಾಲಿ ಜಾಗಕ್ಕೆ 00:00 ತುಂಬಿ, ಮೇಲೆ 5:30 ಸುರಿದಿದೆ.

ನವನಗರದ_ನಾಲ್ವರು
ಅಣ್ಣಾ, 00 58 ಕಂಡಿತು! ಕೂಡಿಸೋದನ್ನು ಫ್ಯಾಟ್‌ಗೆ ತೆಗೆದೆವು. ಕೊನೆಗೆ ತೆರೆದದ್ದಕ್ಕೆ ತಾರೀಖು ಮಾತ್ರ ತೋರಿಸುತ್ತೇವೆ. ಆದರೆ 11ಕ್ಕೆ ಸೇವ್ ಮಾಡಿದ ಮೂರು ಫೈಲ್‌ಗಳ 'ಬದಲಾದ ಸಮಯ' ಈಗ ಮತ್ತೆ 5:30 ಅಂತಿದೆ. ಈ ಐದೂವರೆ ನಮ್ಮನ್ನು ಬಿಡೋ ಹಾಗೆ ಕಾಣಲ್ಲ.

ಖಡಕ್‌ರೊಟ್ಟಿ, ವಿಜಯಪುರ
ಆ ಮೂರನ್ನು ಲಿನಕ್ಸ್‌ನಿಂದ ಬರೆದಿರಾ? ಮೌಂಟ್ ಮಾಡುವಾಗ (ಪೆನ್‌ಡ್ರೈವನ್ನು ಸಿಸ್ಟಮ್‌ಗೆ ಜೋಡಿಸುವಾಗ) ಸಮಯವಲಯ ಯುಟಿಸಿ ಅಂತ ಆಪ್ಶನ್ ಕೊಟ್ಟಿದ್ದಿರಾ?

ನವನಗರದ_ನಾಲ್ವರು
ಹೌದು. ಟೆಸ್ಟ್ ಸ್ಕ್ರಿಪ್ಟ್‌ನಲ್ಲಿ ಹಾಗೇ ಇದೆ. ಅಂದರೆ ನಮ್ಮ 11 ಗಂಟೆ ಯುಟಿಸಿಯ 5:30 ಆಗಿ ಬರೆದುಹೋಗಿದೆ. ಅವಕ್ಕೆ ಮಾತ್ರ 5:30 ಕೂಡಿಸೋಣ್ವಾ?

ಖಡಕ್‌ರೊಟ್ಟಿ, ವಿಜಯಪುರ
ಬೇಡ! ಬರೆದವರು ನೀವೇ ಆದ್ದರಿಂದ ನಿಮಗೆ ಗೊತ್ತು. ಬೇರೆಯವರ ಪೆನ್‌ಡ್ರೈವ್ ಬಂದರೆ ಹೇಗೆ ಗೊತ್ತಾಗುತ್ತೆ? ಯಾವ ವಲಯ ಅಂತ ಫ್ಯಾಟ್ ಎಲ್ಲೂ ಬರೆದಿಡಲ್ಲ. ಟೂಲ್ ಸುಮ್ನೆ ಊಹೆ ಮಾಡಿ ತಿದ್ದಿದರೆ ಅದು ಸಾಕ್ಷಿ ಅಲ್ಲ, ನಿಮ್ಮ ಅಭಿಪ್ರಾಯ. ಓದಿದ್ದನ್ನು ಓದಿದ ಹಾಗೆ ತೋರಿಸಿ. ಪಕ್ಕದಲ್ಲಿ 'ವಲಯ ದಾಖಲಾಗಿಲ್ಲ' ಅಂತ ಒಂದು ಕಾಲಂ, ಅದರ ಪಕ್ಕ ಮೂಲ ಬೈಟ್. ತಿದ್ದಬೇಕೋ ಬೇಡವೋ ತನಿಖೆ ಮಾಡುವವರು ಆರಿಸಲಿ, ಆರಿಸಿದ್ದು ಲಾಗ್‌ನಲ್ಲಿ ಉಳಿಯಲಿ.

32 ಜಿಬಿ ಮೀರಿದ ಎಸ್‌ಡಿ ಕಾರ್ಡ್‌ಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಅನ್ನೋ ಇನ್ನೊಂದು ಪದ್ಧತಿಯಲ್ಲಿ ಬರುತ್ತವೆ. ಅದರಲ್ಲಿ ವಲಯಕ್ಕೆ ಒಂದು ಬೈಟ್ ಇದೆ, 15 ನಿಮಿಷಕ್ಕೆ ಒಂದರಂತೆ ಎಣಿಕೆ. ಭಾರತಕ್ಕೆ 22. ಮೇಲಿನ ಬಿಟ್ ಸೇರಿದರೆ ಹೆಕ್ಸ್‌ನಲ್ಲಿ 96. ಅದಕ್ಕೆ ಬೇರೆಯೇ ಫಂಕ್ಷನ್ ಬರೆಯಿರಿ.

ನವನಗರದ_ನಾಲ್ವರು
64 ಜಿಬಿ ಕಾರ್ಡ್ ಒಂದನ್ನು ಕಡ ತಂದು, ಈ ಸಲ ಬ್ಲಾಕರ್ ಹಾಕಿ ನೋಡಿದೆವು. 96 ಸಿಕ್ಕಿತು. ಹ್ಯಾಶ್ ಕೂಡ ಹೊಂದಿತು.